ಶೋಲಾ ಮಣ್ಣಿಗೆ ಪವರ್‌ಸಾಯಿಲ್ ಪ್ರೊ ಕಿಟ್ ಹೊಂದುತ್ತದೆಯೇ?

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಶೋಲಾ (ಎತ್ತರದ ಬೆಟ್ಟಗಳ ಕಣಿವೆ ಕಾಡು) ಮಣ್ಣಿನಲ್ಲಿ ಬೇರು ಕೊಳೆಸುವ ರೋಗಾಣು ಫೈಟಾಫ್ತೊರಾ ಇದೆಯೇ ಎಂದು ಡಿಎನ್‌ಎ ಮೂಲಕ ನೋಡುವವರಿಗೆ ಮೊದಲ ಅಡ್ಡಿ ಹ್ಯೂಮಿಕ್ ಆಮ್ಲ. ಎಲೆ ಕೊಳೆತ ಆ ಮಣ್ಣಿನಿಂದ ಡಿಎನ್‌ಎ ಜೊತೆಗೆ ಅದೂ ಬಂದು, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಅನ್ನು ನಿಲ್ಲಿಸಿಬಿಡುತ್ತದೆ. ಕಿಯಾಜೆನ್ ಕಂಪನಿಯ ಡಿಎನ್‌ಈಸಿ ಪವರ್‌ಸಾಯಿಲ್ ಪ್ರೊ ಮಣ್ಣಿನಿಂದ ಡಿಎನ್‌ಎ ತೆಗೆಯುವ ಕಿಟ್, ಈ ವಿಷಯದಲ್ಲಿ ನಿಜಕ್ಕೂ ಒಳ್ಳೆಯದು. ಅದರ ಸಿಡಿ2 ದ್ರಾವಣ ಹ್ಯೂಮಿಕ್ ವಸ್ತುವನ್ನು ತಳಕ್ಕಿಳಿಸುತ್ತದೆ. ಕಿಟ್ ಬಂದ ಕೂಡಲೇ ಆ ಒಂದು ಬಾಟಲಿಯನ್ನು 2–8 ಡಿಗ್ರಿಯಲ್ಲಿಡಬೇಕು, ಉಳಿದವು ಹೊರಗಿದ್ದರೂ ಸರಿ.

ತೊಂದರೆ ಇರುವುದು ಅಳತೆಯಲ್ಲಿ. ಒಂದು ಟ್ಯೂಬಿಗೆ ಹಿಡಿಸುವುದು 250 ಮಿಲಿಗ್ರಾಂ ಮಣ್ಣು ಮಾತ್ರ. ಫೈಟಾಫ್ತೊರಾ ಮಣ್ಣಿನಲ್ಲಿ ಸಮನಾಗಿ ಹರಡಿರುವುದಿಲ್ಲ, ಸಣ್ಣ ಬೇರುಗಳ ಸುತ್ತ ಗುಂಪುಗುಂಪಾಗಿರುತ್ತದೆ. ಆದ್ದರಿಂದ ಒಂದು ಮರದ ಬುಡದ ನಾಲ್ಕು ದಿಕ್ಕಿನಿಂದ, ತರಗೆಲೆ ಸರಿಸಿ, 5–15 ಸೆಂ.ಮೀ. ಆಳದ ಮಣ್ಣನ್ನು ಬೇರಿನ ಚೂರುಗಳ ಸಮೇತ ತೆಗೆದು ಬೆರೆಸಿ. ಬೇರನ್ನು ಆರಿಸಿ ಎಸೆದರೆ ಹುಡುಕುತ್ತಿರುವುದನ್ನೇ ಎಸೆದಂತೆ. ಮಳೆಗಾಲದ ಮಣ್ಣಿನಲ್ಲಿ ತೂಕದ ದೊಡ್ಡ ಪಾಲು ನೀರು, ಹಾಗಾಗಿ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಪುಡಿ ಮಾಡಿ, ಚೆನ್ನಾಗಿ ಕಲಸಿದ ಮೇಲೆ ತೂಗಿ. ಒಂದು ಮಾದರಿಗೆ ಮೂರು ಟ್ಯೂಬ್ ಹಾಕುವುದು ಲೇಸು. ಬಜೆಟ್ ಇದ್ದರೆ 10 ಗ್ರಾಂ ಹಿಡಿಸುವ ಪವರ್‌ಮ್ಯಾಕ್ಸ್ ಕಿಟ್ ಈ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ಒಣಗಿಸುವ ಮೊದಲು ಅರ್ಧ ಮಣ್ಣನ್ನು ಹಸಿಯಾಗಿಯೇ ಎತ್ತಿಡಿ. ಸತ್ತ ಜೀವಿಯ ಡಿಎನ್‌ಎ ಕೂಡ ಮಣ್ಣಿನಲ್ಲಿ ಉಳಿಯುವುದರಿಂದ ಪಿಸಿಆರ್ ಪಾಸಿಟಿವ್ ಬಂದ ಮಾತ್ರಕ್ಕೆ ರೋಗಾಣು ಬದುಕಿದೆ ಎಂದಲ್ಲ. ಹಸಿ ಮಣ್ಣಿಗೆ ನೀರು ಹಾಕಿ, ಮೇಲೆ ಎಳೆಯ ಎಲೆಯ ತುಂಡುಗಳನ್ನು ತೇಲಿಬಿಟ್ಟು, ಕಪ್ಪು ಕಲೆ ಬರುತ್ತದೆಯೇ ನೋಡುವ ಹಳೆಯ ವಿಧಾನವೇ ಅದನ್ನು ಹೇಳಬಲ್ಲದು.

ಕಿಟ್ ಹಂತಗಳಲ್ಲಿ ಜನ ಅವಸರ ಮಾಡುವುದು ಮಣಿಗಳ ಜೊತೆ ಅಲುಗಿಸುವಲ್ಲಿ. ಫೈಟಾಫ್ತೊರಾದ ಊಸ್ಪೋರ್‌ನ (ಮಣ್ಣಿನಲ್ಲಿ ಬಹುಕಾಲ ಉಳಿಯುವ ಬೀಜಕದ) ಗೋಡೆ ದಪ್ಪ, ವೋರ್ಟೆಕ್ಸ್‌ನಲ್ಲಿ (ಟ್ಯೂಬ್ ಅಲುಗಿಸುವ ಯಂತ್ರದಲ್ಲಿ) ಪೂರ್ತಿ 10 ನಿಮಿಷ ಬೇಕು. 24 ಟ್ಯೂಬಿನ ಅಡಾಪ್ಟರ್‌ನಲ್ಲಿ 12ಕ್ಕಿಂತ ಹೆಚ್ಚು ಟ್ಯೂಬ್ ಇದ್ದರೆ ಇನ್ನೂ 5–10 ನಿಮಿಷ ಸೇರಿಸಿ. ಸಿಡಿ2 ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ಮೇಲಿನ ತಿಳಿಯನ್ನಷ್ಟೇ ತೆಗೆಯಿರಿ. ಕೊನೆಯ ಹನಿಯ ಆಸೆಗೆ ಪಿಪೆಟ್ ತಳ ಮುಟ್ಟಿದರೆ ಇಳಿಸಿದ ಹ್ಯೂಮಿಕ್ ಮತ್ತೆ ಮೇಲೆ ಬರುತ್ತದೆ.

ಕೊನೆಗೆ ಸಿಕ್ಕ ದ್ರಾವಣ ನೀರಿನಂತೆ ತಿಳಿಯಾಗಿ ಕಂಡರೂ ನಂಬಬೇಡಿ. ಅದನ್ನೂ ಹತ್ತು ಪಟ್ಟು ತೆಳು ಮಾಡಿದ್ದನ್ನೂ ಒಟ್ಟಿಗೆ ಕ್ಯೂಪಿಸಿಆರ್‌ಗೆ (ಡಿಎನ್‌ಎ ಎಷ್ಟಿದೆ ಎಂದೂ ಅಳೆಯುವ ಪಿಸಿಆರ್) ಹಾಕಿ. ತೆಳುವಾದದ್ದು ಸುಮಾರು 3.3 ಸೈಕಲ್ ತಡವಾಗಿ ಬಂದರೆ ಎಲ್ಲ ಸರಿ. ಎರಡೂ ಒಟ್ಟಿಗೆ ಬಂದರೆ, ಅಥವಾ ತೆಳುವಾದದ್ದೇ ಮೊದಲು ಬಂದರೆ, ಅಡ್ಡಿ ಇನ್ನೂ ಉಳಿದಿದೆ: ಹ್ಯೂಮಿಕ್ ಅಡ್ಡಿಯನ್ನು ತಗ್ಗಿಸುವ ಪ್ರೋಟೀನ್ ಬಿಎಸ್‌ಎ ಸೇರಿಸಿ, ಇಲ್ಲವೇ ತೆಳು ಮಾಡಿದ್ದನ್ನೇ ಬಳಸಿ. ಈ ಪರೀಕ್ಷೆ ಇಲ್ಲದೆ 'ನೆಗೆಟಿವ್' ಎಂದು ಬರೆದ ವರದಿಗೆ ಬೆಲೆ ಇಲ್ಲ.

ಮಾದರಿಯಿಂದ ಮಾದರಿಗೆ ಕರಣೆಯನ್ನು ಮಣ್ಣು ತೊಳೆದು 10% ಬ್ಲೀಚ್‌ನಲ್ಲಿ ಅದ್ದಿ, ನಂತರ ಶುದ್ಧ ನೀರಿನಲ್ಲಿ ಜಾಲಿಸಿ. ಸ್ಪಿರಿಟ್ ಒರೆಸಿದರೆ ಡಿಎನ್‌ಎ ಹಾಳಾಗುವುದಿಲ್ಲ. ಆದರೆ ಅದೇ ಬ್ಲೀಚ್ ಅನ್ನು ಕಿಟ್‌ನ ತ್ಯಾಜ್ಯಕ್ಕೆ ಎಂದೂ ಸುರಿಯಬೇಡಿ, ಅದರಲ್ಲಿರುವ ಗ್ವಾನಿಡಿನ್ ಲವಣದ ಜೊತೆ ಸೇರಿ ಅಪಾಯಕಾರಿ ವಸ್ತು ಹುಟ್ಟುತ್ತದೆ. ಪ್ರತಿ ಬ್ಯಾಚಿನಲ್ಲಿ ಮಣ್ಣಿಲ್ಲದ ಒಂದು ಖಾಲಿ ಟ್ಯೂಬ್ ಕಡ್ಡಾಯ. 50 ಟ್ಯೂಬಿನ ಪೆಟ್ಟಿಗೆಯಲ್ಲಿ 50 ಮಾದರಿ ಆಗುವುದಿಲ್ಲ ಎಂದು ಲೆಕ್ಕ ಹಾಕಿಯೇ ತರಿಸಿ.

ಸೀಕ್ವೆನ್ಸಿಂಗ್‌ಗೆ ಹೊರಗೆ ಕಳಿಸುವವರಿಗೆ ಇನ್ನೊಂದು ಮಾತು. ಫೈಟಾಫ್ತೊರಾ ಶಿಲೀಂಧ್ರವಲ್ಲ, ಊಮೈಸೀಟ್ (ಶಿಲೀಂಧ್ರದಂತೆ ಕಾಣುವ ಬೇರೆ ಗುಂಪಿನ ಜೀವಿ). ಶಿಲೀಂಧ್ರಗಳಿಗೆಂದೇ ಇರುವ 'ಫಂಗಲ್ ಐಟಿಎಸ್' ಪ್ಯಾಕೇಜ್ ಆರ್ಡರ್ ಮಾಡಿದರೆ ಆ ಪ್ರೈಮರ್‌ಗಳು (ಪಿಸಿಆರ್ ಯಾವ ಡಿಎನ್‌ಎ ನಕಲಿಸಬೇಕೆಂದು ಗುರುತಿಸುವ ತುಣುಕುಗಳು) ಸಾಮಾನ್ಯವಾಗಿ ಅದನ್ನು ಹಿಡಿಯುವುದಿಲ್ಲ. ಊಮೈಸೀಟ್ ಪ್ರೈಮರ್ ಬೇಕೆಂದು ಆರ್ಡರ್‌ನಲ್ಲೇ ಬರೆಯಿರಿ.