ಮ್ಯಾಕ್ಸಿಮಾ, ಸಿಮ್‌ಪೈ, ಮತ್ತೆ ದುಡ್ಡು ಕೊಟ್ಟು ತಂದ ಆ ಮೂರನೆಯದು

ಮೊದಲೇ ಹೇಳಿಬಿಡುತ್ತೇನೆ, ಬೀಜಗಣಿತ, ಕ್ಯಾಲ್ಕ್ಯುಲಸ್ ಲೆಕ್ಕಗಳನ್ನು ಎಕ್ಸ್, ವೈಗಳ ಸಮೇತ ಬಿಡಿಸಿಕೊಡುವ ತಂತ್ರಾಂಶಗಳಲ್ಲಿ ನನ್ನ ಓಟು ಮ್ಯಾಕ್ಸಿಮಾಗೆ. ಯಾರ ಕಡೆಗೂ ವಾಲದ ತಕ್ಕಡಿ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಿ.

ಅರ್ಧಕ್ಕೇ ಬಿಟ್ಟಿದ್ದ ಕ್ಯಾಲ್ಕ್ಯುಲಸ್ಸನ್ನು ಎಷ್ಟೋ ವರ್ಷದ ಮೇಲೆ ಮತ್ತೆ ಹಿಡಿದಾಗ, ಉತ್ಸಾಹದಲ್ಲಿ ಒಂದು ದುಬಾರಿ ತಂತ್ರಾಂಶಕ್ಕೆ ಒಂದು ವರ್ಷದ ಲೈಸೆನ್ಸ್ ಕೊಂಡೆ. ಹೆಸರು ಬೇಡ. ಕೆಲಸದಲ್ಲಿ ಅದಕ್ಕೆ ಕೊಂಕು ಹೇಳುವ ಹಾಗಿಲ್ಲ. ನನ್ನ ಪುಸ್ತಕದ ಯಾವ ಇಂಟಿಗ್ರೇಷನ್ ಕೊಟ್ಟರೂ ಉತ್ತರ ತಯಾರು, ಹಂತಗಳ ಸಮೇತ. ನಾನು ಓದುತ್ತಿದ್ದೆ, ತಲೆದೂಗುತ್ತಿದ್ದೆ. ಅದೇ ಲೆಕ್ಕವನ್ನು ಹಾಳೆಯ ಮೇಲೆ ಮಾಡಲು ಕೂತರೆ ಎರಡನೇ ಸಾಲಿಗೇ ಪೆನ್ನು ನಿಂತುಬಿಡುತ್ತಿತ್ತು. ವರ್ಷ ಮುಗಿದು ಲೈಸೆನ್ಸೂ ಮುಗಿಯಿತು. ಅದರದ್ದೇ ಫಾರ್ಮ್ಯಾಟಿನಲ್ಲಿ ಉಳಿಸಿಟ್ಟಿದ್ದ ನನ್ನ ಲೆಕ್ಕಗಳನ್ನು ಮತ್ತೆ ಓಡಿಸುವಂತೆಯೂ ಇರಲಿಲ್ಲ. ಆಮೇಲೆ ಈ ವಿಷಯಕ್ಕೆ ಬಿಡಿಗಾಸೂ ಖರ್ಚು ಮಾಡಬಾರದೆಂದು ತೀರ್ಮಾನಿಸಿದೆ. ಉಳಿದದ್ದು ಎರಡು ಉಚಿತ ದಾರಿ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರ ಸಿಮ್‌ಪೈ, ಹಳಬರ ಮ್ಯಾಕ್ಸಿಮಾ.

ಹಳಬರದ್ದು ಎಂದದ್ದು ತಮಾಷೆಗಲ್ಲ. ಮ್ಯಾಕ್ಸಿಮಾದ ಮೂಲಪುರುಷ 1968ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಮ್ಯಾಕ್‌ಸೈಮಾ. ಅದರ ಒಂದು ಪ್ರತಿಯನ್ನು 1982ರಿಂದ 2001ರಲ್ಲಿ ತೀರಿಕೊಳ್ಳುವವರೆಗೂ ಕಾಪಾಡಿಕೊಂಡು ಬಂದವರು ವಿಲಿಯಂ ಶೆಲ್ಟರ್. 1998ರಲ್ಲಿ ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ಹಂಚಲು ಅನುಮತಿ ಪಡೆದವರೂ ಅವರೇ. ಮ್ಯಾಕ್ಸಿಮಾದ ಆ ವಯಸ್ಸು ಅದರ ಮುಖದಲ್ಲಿ ಕಾಣುತ್ತದೆ. ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ, ಬೆಲೆ ಕೂರಿಸಲು ಸಮಚಿಹ್ನೆಯ ಬದಲು ಕೋಲನ್, ಪೈ ಬರೆಯಲು ಮುಂದೊಂದು ಶೇಕಡಾ ಚಿಹ್ನೆ. ಡಬ್ಲ್ಯುಎಕ್ಸ್‌ಮ್ಯಾಕ್ಸಿಮಾ ಎಂಬ ಹೊದಿಕೆ ಹಾಕಿಕೊಂಡರೆ ಕಣ್ಣಿಗೆ ಸ್ವಲ್ಪ ಹಿತ.

ನನಗೆ ಸಿಮ್‌ಪೈ ಮೇಲೆ ಮನಸ್ಸು ಮುರಿದದ್ದು ಸಮಚಿಹ್ನೆಯ ವಿಷಯಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಶಾಲೆಯಲ್ಲಿ ನಾವು 3ಎಕ್ಸ್ + 5 = 20 ಬಿಡಿಸುವುದು ಹೇಗೆ? ಎರಡೂ ಕಡೆ 5 ಕಳೆ, ಎರಡೂ ಕಡೆ 3ರಿಂದ ಭಾಗಿಸು. ಸಿಮ್‌ಪೈನಲ್ಲಿ ಮೊದಲನೆಯದಾಗಿ ಈ ಸಮೀಕರಣವನ್ನು ಹೀಗೇ ಬರೆಯುವಂತಿಲ್ಲ. ಪೈಥಾನಿನಲ್ಲಿ ಒಂದು ಸಮಚಿಹ್ನೆ ಎಂದರೆ ಬೆಲೆ ಕೂರಿಸು ಎಂದರ್ಥ. ಎರಡು ಸಮಚಿಹ್ನೆ ಹಾಕಿದರೆ ಎರಡೂ ಕಡೆಯ ಬರವಣಿಗೆ ಅಕ್ಷರಶಃ ಒಂದೇ ಥರ ಇದೆಯೇ ಎಂಬ ಪ್ರಶ್ನೆ. (ಎಕ್ಸ್+1)ರ ವರ್ಗವೂ ಅದನ್ನು ಬಿಡಿಸಿ ಬರೆದ ರೂಪವೂ ಸಮವೇ ಎಂದು ಹೀಗೆ ಕೇಳಿದರೆ ‘ಅಲ್ಲ’ ಎನ್ನುತ್ತದೆ! ಮೊದಲ ದಿನ ಈ ಉತ್ತರ ನೋಡಿ ನನ್ನ ಬೀಜಗಣಿತದ ಮೇಲೇ ಅನುಮಾನ ಬಂದಿತ್ತು. ನಿಜವಾದ ಸಮೀಕರಣ ಬೇಕಿದ್ದರೆ ‘ಈಕ್ಯೂ’ ಎಂಬ ಮೂರನೆಯದನ್ನು ಕರೆಯಬೇಕು, ಎಡ ಬಲಗಳನ್ನು ಅಲ್ಪವಿರಾಮ ಹಾಕಿ ಬೇರೆಬೇರೆಯಾಗಿ ಕೊಡಬೇಕು.

ಸರಿ, ಕೊಟ್ಟೆ. ಅದರಿಂದ 5 ಕಳೆದೆ. ಕೆಂಪು ಅಕ್ಷರದಲ್ಲಿ ಟೈಪ್‌ಎರರ್. ಸಮೀಕರಣದಿಂದ ಅಂಕಿ ಕಳೆಯಲು ಬರುವುದಿಲ್ಲವಂತೆ. ದಾರಿ ಇಲ್ಲವೆಂದಲ್ಲ: ಎಡಭಾಗ ತೆಗೆದು ಅದರಿಂದ 5 ಕಳೆದು, ಬಲಭಾಗ ತೆಗೆದು ಅದರಿಂದಲೂ 5 ಕಳೆದು, ಎರಡನ್ನೂ ಸೇರಿಸಿ ಹೊಸ ಸಮೀಕರಣ ಕಟ್ಟಬಹುದು. ಹಾಗೆ ಪ್ರತಿ ಸಾಲಿಗೂ ಕಟ್ಟುತ್ತಾ ಕೂತರೆ ಲೆಕ್ಕ ಮರೆತು ಆವರಣಗಳನ್ನೇ ಎಣಿಸುತ್ತಿರುತ್ತೇವೆ. ಕೊನೆಗೆ ಬೇಸತ್ತು ‘ಸಾಲ್ವ್’ ಎಂದು ಬರೆದು ಉತ್ತರ ತೆಗೆದುಕೊಳ್ಳುತ್ತಿದ್ದೆ. ಅಂದರೆ ದುಡ್ಡು ಕೊಟ್ಟು ಮಾಡುತ್ತಿದ್ದ ತಪ್ಪನ್ನೇ ಪುಕ್ಕಟೆ ಮಾಡತೊಡಗಿದ್ದೆ.

ಮ್ಯಾಕ್ಸಿಮಾದಲ್ಲಿ ಸಮಚಿಹ್ನೆ ಸಮಚಿಹ್ನೆಯೇ. ಸಮೀಕರಣಕ್ಕೊಂದು ಹೆಸರಿಟ್ಟು ‘ಹೆಸರು - 5’ ಎಂದರೆ 3ಎಕ್ಸ್ = 15. ಹಿಂದಿನ ಉತ್ತರಕ್ಕೆ ಅಲ್ಲಿ ಶೇಕಡಾ ಚಿಹ್ನೆ ಹಾಕಿದರೆ ಸಾಕು; ಅದನ್ನು 3ರಿಂದ ಭಾಗಿಸಿದರೆ ಎಕ್ಸ್ = 5. ಹಾಳೆಯ ಮೇಲೆ ಹೇಗೋ ಹಾಗೆ. ತಪ್ಪು ಮಾಡಲೂ ಬಿಡುತ್ತದೆ. ಎಕ್ಸ್ ವರ್ಗ = 3ಎಕ್ಸ್ ಕೊಟ್ಟು ಎಕ್ಸ್‌ನಿಂದ ಭಾಗಿಸಿದೆ, ತುಟಿಪಿಟಕ್ಕೆನ್ನದೆ ಎಕ್ಸ್ = 3 ಎಂದಿತು. ಸಾಲ್ವ್ ಹಾಕಿ ತಾಳೆ ನೋಡಿದರೆ ಎರಡು ಉತ್ತರ, 3 ಮತ್ತು 0. ಸೊನ್ನೆಯನ್ನು ಎಲ್ಲಿ ಕಳೆದುಕೊಂಡೆ ಎಂದು ಹಿಂದೆ ಹೋಗಿ ಹುಡುಕಿದ ಆ ಹತ್ತು ನಿಮಿಷ, ದುಬಾರಿ ತಂತ್ರಾಂಶದ ಒಂದು ವರ್ಷಕ್ಕಿಂತ ಹೆಚ್ಚು ಕಲಿಸಿತು.

ಇಂಟಿಗ್ರೇಷನ್ನಿಗೂ ಇದೇ ಮಾತು. ‘ಇಂಟಿಗ್ರೇಟ್’ ಎಂದು ಬರೆಯುವ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಮ್ಯಾಕ್ಸಿಮಾ ಅದನ್ನು ಬಿಡಿಸದೆ ಹಾಗೇ ಇಟ್ಟುಕೊಳ್ಳುತ್ತದೆ. ಆಮೇಲೆ ‘ಚೇಂಜ್‌ವಾರ್’ ಬಳಸಿ, ಎಕ್ಸ್ ವರ್ಗವನ್ನು ಯು ಎಂದುಕೋ ಎಂದು ನಾನೇ ಹೇಳಬಹುದು. ಸರಿಯಾದ ಆದೇಶ (ಸಬ್‌ಸ್ಟಿಟ್ಯೂಷನ್) ಆರಿಸಿದ್ದರೆ ಲೆಕ್ಕ ಕಿರಿದಾಗುತ್ತದೆ, ತಪ್ಪಿದ್ದರೆ ಇನ್ನಷ್ಟು ವಿಕಾರವಾಗುತ್ತದೆ. ಯೋಚನೆ ನನ್ನದು, ಬೆವರು ಅದರದ್ದು.

ಮ್ಯಾಕ್ಸಿಮಾಗೆ ಪ್ರಶ್ನೆ ಕೇಳುವ ಚಟವಿದೆ. ಎಕ್ಸ್‌ನ ಎನ್‌ನೇ ಘಾತವನ್ನು ಇಂಟಿಗ್ರೇಟ್ ಮಾಡು ಎಂದರೆ, ಎನ್ ಎಂಬುದು ಮೈನಸ್ 1ಕ್ಕೆ ಸಮವೇ ಎಂದು ಕೇಳಿ ಕಾಯುತ್ತಾ ಕೂರುತ್ತದೆ. ಇಡೀ ಹಾಳೆಯನ್ನು ಒಟ್ಟಿಗೆ ಓಡಿಸುವಾಗ ಇದು ಶುದ್ಧ ಕಿರಿಕಿರಿ. ‘ಅಸ್ಯೂಮ್’ ಹಾಕಿ ಮೊದಲೇ ಬಾಯಿ ಮುಚ್ಚಿಸಬಹುದು. ಸಿಮ್‌ಪೈ ಏನೂ ಕೇಳದೆ ಎರಡೂ ಸಂದರ್ಭದ ಉತ್ತರವನ್ನು ಒಟ್ಟಿಗೆ ಬರೆದುಕೊಡುತ್ತದೆ. ಇಲ್ಲಿ ಸಿಮ್‌ಪೈಯೇ ಮೇಲು, ಒಪ್ಪಿಕೊಳ್ಳುತ್ತೇನೆ.

ಸುಲಭೀಕರಣದಲ್ಲೂ ಮ್ಯಾಕ್ಸಿಮಾ ಸತಾಯಿಸುತ್ತದೆ. ರ್‍ಯಾಟ್‌ಸಿಂಪ್, ರ್‍ಯಾಡ್‌ಕ್ಯಾನ್, ಟ್ರಿಗ್‌ಸಿಂಪ್, ಟ್ರಿಗ್‌ರೆಡ್ಯೂಸ್, ಹೀಗೆ ಒಂದು ಗುಂಪೇ ಇದೆ. ಯಾವುದಕ್ಕೆ ಯಾವುದು ಎಂದು ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದೇನೆ. ಸಿಮ್‌ಪೈನಲ್ಲಿ ‘ಸಿಂಪ್ಲಿಫೈ’ ಒಂದೇ ಸಾಕು, ಬಹಳಷ್ಟು ಸಲ.

ಪೈಥಾನಿನಲ್ಲಿ ಎಡವಿ ಬೀಳುವ ಇನ್ನೆರಡು ಹಳ್ಳಗಳು: 1/3 ಬರೆದರೆ ಭಿನ್ನರಾಶಿ ಹೋಗಿ ದಶಮಾಂಶ ಬರುತ್ತದೆ, ‘ರ್‍ಯಾಷನಲ್’ ಎಂದು ಹೇಳಲೇಬೇಕು. ಘಾತಕ್ಕೆಂದು 2^3 ಹಾಕಿದರೆ ಉತ್ತರ 1, ಏಕೆಂದರೆ ಆ ಚಿಹ್ನೆ ಅಲ್ಲಿ ಬಿಟ್‌ಗಳ ಲೆಕ್ಕಕ್ಕೆ ಮೀಸಲು.

ಸೇಜ್‌ಮ್ಯಾತ್ ಎಂಬ ಇನ್ನೊಂದು ಉಚಿತ ಗಣಿತ ತಂತ್ರಾಂಶವನ್ನೂ ಹಾಕಿ ನೋಡಿದೆ. ಡಿಸ್ಕಿನಲ್ಲಿ ಭಾರೀ ಜಾಗ ತಿನ್ನುತ್ತದೆ, ಮತ್ತೆ ಅದರೊಳಗೂ ಎಷ್ಟೋ ಕೆಲಸಕ್ಕೆ ಕೂತಿರುವುದು ಮ್ಯಾಕ್ಸಿಮಾವೇ. ತೆಗೆದುಹಾಕಿದೆ.

ನನ್ನ ಅಭ್ಯಾಸ ಹೀಗೆ: ಎಡಗಡೆ ರಫ್ ಪುಸ್ತಕ, ಬಲಗಡೆ ಮ್ಯಾಕ್ಸಿಮಾ. ಒಂದು ಸಾಲು ಕೈಯಲ್ಲಿ, ಅದೇ ಸಾಲು ಪರದೆಯಲ್ಲಿ, ಎರಡೂ ಹೊಂದದಿದ್ದರೆ ಅಲ್ಲೇ ನಿಲ್ಲುವುದು. ಹೀಗೆ ಕೂರುವವರಿಗೆ ಸಿಮ್‌ಪೈ ತೊಡಕೇ. ಪ್ರೋಗ್ರಾಮ್ ಬರೆದು ಬದುಕುವವರು, ನೂರು ಸಮೀಕರಣಗಳನ್ನು ಒಂದು ಲೂಪಿನಲ್ಲಿ ಬಿಡಿಸಬೇಕಾದವರು ನನ್ನ ಮಾತು ಕೇಳಬೇಡಿ, ಸಿಮ್‌ಪೈ ಹಿಡಿಯಿರಿ. ನಾನೂ ಅದನ್ನು ತೆಗೆದಿಲ್ಲ. ಇಂಟಿಗ್ರೇಷನ್ನಿಗೆ ಯಾವ ನಿಯಮ ಹಾಕಬೇಕೆಂದು ಪೂರ್ತಿ ದಿಕ್ಕು ತೋಚದಾಗ ಅದರ ‘ಇಂಟಿಗ್ರಲ್ ಸ್ಟೆಪ್ಸ್’ ತೆರೆಯುತ್ತೇನೆ. ನಿಯಮದ ಹೆಸರು ಕಂಡ ತಕ್ಷಣ ಮುಚ್ಚುತ್ತೇನೆ.