ಮಿಶ್ರ ಮೇವಿನ ಬೀಜ: ನಾಲ್ಕು ಮಳೆಗಾಲ ನೋಡಿದ ಮೇಲೆ

ಐದಕ್ಕೆ ಮೂರೂವರೆ ನಕ್ಷತ್ರ. ಒಂದೂವರೆ ಕಡಿಮೆ ಮಾಡಿದ್ದು ಬೀಜ ಕೆಟ್ಟದ್ದು ಅಂತ ಅಲ್ಲ, ಹೇಗೆ ಬಿತ್ತಬೇಕು ಅಂತ ಒಂದು ಚೀಟಿಯನ್ನೂ ಇಡದೆ ಮಾರಿದ್ದಕ್ಕೆ.

ಹಿರಿಯೂರಿನ ಕಡೆ ನಮ್ಮದು ಮೂರು ಎಕರೆ ಕೆಂಪು ಮಣ್ಣಿನ ಬೀಳು, ಹನ್ನೆರಡು ಕುರಿ. ಮಳೆ ಬಿದ್ದ ಮಾರನೆಯ ದಿನವೇ ಮಣ್ಣು ಹಪ್ಪಳದ ಹಾಗೆ ಗಟ್ಟಿಯಾಗುತ್ತಿತ್ತು. ಮುಂದಿನ ಮಳೆ ಇಂಗದೆ ಕೆಂಪಗೆ ರಸ್ತೆ ಕಡೆ ಹರಿದು ಹೋಗುತ್ತಿತ್ತು. ಪೊಟ್ಟಣದಲ್ಲಿ ಇದ್ದದ್ದು ಅಂಜನ ಹುಲ್ಲು, ರೋಡ್ಸ್ ಹುಲ್ಲು, ಸ್ಟೈಲೋ ಮತ್ತು ಬೇಲಿ ಮೆಂತೆ ಅನ್ನೋ ದ್ವಿದಳ ಮೇವಿನ ಗಿಡಗಳು, ಅಲಸಂದೆ. ರಾಗಿ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಹಾಕುವ ಊರು ನಮ್ಮದು. ಹುಲ್ಲಿಗೂ ಅಕ್ಕಡಿ ಅಂದಾಗ ಅಪ್ಪ ತಕ್ಷಣ ಒಪ್ಪಿದರು.

ಮೊದಲ ವರ್ಷ ಅಲಸಂದೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಬರಲಿಲ್ಲ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಕೈ ತಡೆಯದಷ್ಟು ಬಿಸಿ ನೀರಲ್ಲಿ, ಸುಮಾರು 80 ಡಿಗ್ರಿ, ನಾಲ್ಕು ನಿಮಿಷ ಅದ್ದಿ, ಆಮೇಲೆ ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಬೇಕು. ಅಂಜನದ ಹೊಸ ಬೀಜ ಬೇಗ ಮೊಳೆಯೋದಿಲ್ಲ, ಕೆಲವು ತಿಂಗಳು ಹಳೆಯದಾಗಬೇಕು. ಹಗುರ ಬೀಜವಾದ್ದರಿಂದ ಒದ್ದೆ ಮರಳಿನ ಜೊತೆ ಕಲಸಿ ಮೇಲೆ ಮೇಲೆ ಬಿತ್ತಬೇಕು. ಇದೆಲ್ಲ ಒಂದು ವರ್ಷ ಹಾಳಾದ ಮೇಲೆ ಗೊತ್ತಾಯ್ತು.

ಎರಡನೇ ವರ್ಷ ಮತ್ತೆ ಬಿತ್ತಿದ ಮೇಲೆ ಚಿತ್ರ ಬದಲಾಯಿತು. ಅಂಜನದ ಬೇರು ಜಟೆಯ ಹಾಗೆ ಮೇಲ್ಮಣ್ಣನ್ನು ಹಿಡಿದುಕೊಳ್ಳುತ್ತದೆ. ರೋಡ್ಸ್ ಹುಲ್ಲು ಬಳ್ಳಿಯಾಗಿ ಹರಡಿ ಬರಿ ನೆಲ ಮುಚ್ಚುತ್ತದೆ. ಸ್ಟೈಲೋ ತಾಯಿಬೇರು ಆಳಕ್ಕೆ ಇಳಿದು, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ. ಮೂರನೇ ಮಳೆಗಾಲದಲ್ಲಿ ತಳವಿಲ್ಲದ ಬಣ್ಣದ ಡಬ್ಬವನ್ನು ನೆಲಕ್ಕೆ ಒತ್ತಿ, ಒಂದು ಲೀಟರ್ ನೀರು ಸುರಿದು ನೋಡಿದೆ. ಪಕ್ಕದ ಬೀಳಿನಲ್ಲಿ ಅಪ್ಪ ಒಂದು ಬೀಡಿ ಸೇದಿ ಮುಗಿಸಿದರೂ ನೀರು ನಿಂತೇ ಇತ್ತು. ನಮ್ಮ ಹುಲ್ಲಿನೊಳಗೆ ಬೀಡಿ ಹಚ್ಚೋದರೊಳಗೆ ಮಾಯ!

ಆದರೆ ಮಣ್ಣು ಆರೋಗ್ಯ ಕಾರ್ಡ್ ಮಾತ್ರ ಬದಲಾಗಿಲ್ಲ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಅದರಲ್ಲಿ 'ಕಡಿಮೆ' ಅಂತ ಬರುತ್ತೆ. ಆಗಲೂ ಕಡಿಮೆ, ಈಗಲೂ ಕಡಿಮೆ. ನಮ್ಮಂಥ ಬಿಸಿಲಿನ ನೆಲದಲ್ಲಿ ಇಂಗಾಲ ಕೂಡೋದು ನಿಧಾನ. ಜರ್ಮನಿಯ ಯೇನಾದಲ್ಲಿ 2002ರಿಂದ ಒಂದೇ ಜಾತಿಯ ಗಿಡದಿಂದ 60 ಜಾತಿಯವರೆಗೆ ಬಿತ್ತಿದ ಪ್ರಯೋಗದ ತಾಕುಗಳಿವೆ. ಜಾತಿ ಜಾಸ್ತಿ ಇದ್ದಲ್ಲಿ ಮಣ್ಣಿನ ಇಂಗಾಲವೂ ಸೂಕ್ಷ್ಮಜೀವಿಗಳೂ ಜಾಸ್ತಿ ಅಂತ ಅಲ್ಲಿ ಕಂಡಿದೆ. ಸರಿ, ಆದರೆ ಅಲ್ಲಿ ಹುಲ್ಲು ಕೊಯ್ಯುತ್ತಾರೆ. ಕುರಿ ಬಿಡೋದಿಲ್ಲ. ಕುಡುಗೋಲಿಗೆ ನಾಲಿಗೆ ರುಚಿ ಇರೋದಿಲ್ಲ, ಅಲ್ವಾ?

ಕುರಿಗೆ ಇರುತ್ತೆ. ಬಿಟ್ಟ ಕೂಡಲೇ ಅಲಸಂದೆ, ಬೇಲಿ ಮೆಂತೆ ಹುಡುಕುತ್ತವೆ. ಸ್ಟೈಲೋ ಎಳೆಯದಿದ್ದಾಗ ಮೂಸಿ ಬಿಡುತ್ತವೆ, ಬೇಸಿಗೆ ಬಂದಾಗ ಅದೇ ಬೇಕು. ನಾವು ಬಲೆ ಕಟ್ಟಿ ಜಾಗವನ್ನು ಎಂಟು ತುಂಡು ಮಾಡಿದ್ದೇವೆ. ಒಂದರಲ್ಲಿ ನಾಲ್ಕೈದು ದಿನ, ಗೇಣಿಗಿಂತ ಕೆಳಗೆ ಮೇಯುವ ಮೊದಲೇ ಮುಂದಿನದಕ್ಕೆ. ಮಳೆಗಾಲದಲ್ಲಿ ಪ್ರತಿ ತುಂಡಿಗೂ ಸುಮಾರು ಒಂದು ತಿಂಗಳು ವಿಶ್ರಾಂತಿ ಸಿಗುತ್ತೆ.

ಹೋದ ವರ್ಷ ಮದುವೆ ಗಡಿಬಿಡಿಯಲ್ಲಿ ರಸ್ತೆ ಪಕ್ಕದ ತುಂಡಲ್ಲೇ ಕುರಿಗಳನ್ನು ಎರಡು ವಾರ ಮರೆತೆವು. ಬೇಲಿ ಮೆಂತೆ ಕಡ್ಡಿ ಮಾತ್ರ ಉಳಿಯಿತು, ಅಂಜನ ಬುಡದವರೆಗೆ ಹೋಯಿತು. ಎರಡು ಮಳೆಗೆ ಅಲ್ಲಿ ಮತ್ತೆ ಹಪ್ಪಳ, ಮಧ್ಯೆ ಕಾಂಗ್ರೆಸ್ ಗಿಡ. ಐದು ಬಗೆಯ ಬೀಜ ಹಾಕಿದ್ದೇ ಅಲ್ಲೂ. ಡಬ್ಬ ಒತ್ತಿ ನೋಡಿದರೆ ನೀರು ಬೀಳಿನ ಹಾಗೇ ನಿಂತಿತು. ಬೀಜಕ್ಕಿಂತ ಬಲೆಗೆ ದುಡ್ಡು ಜಾಸ್ತಿ ಹಾಕಿ ಅಂತ ಕೇಳಿದವರಿಗೆ ಹೇಳುತ್ತಿದ್ದೇನೆ.

ಅಲಸಂದೆ ಪ್ರತಿ ವರ್ಷ ಹೊಸದಾಗಿ ಬಿತ್ತಬೇಕು, ಆ ಮಾತು ಪೊಟ್ಟಣದ ಮೇಲೆ ಬರೆದಿರೋದಿಲ್ಲ. ಈ ಸಲ ಆ ಹಾಳಾದ ತುಂಡಿಗೆ ಬೀಜ ತಂದಿದ್ದೇನೆ. ಮಿಶ್ರಣ ಅಲ್ಲ, ಬಿಡಿಬಿಡಿಯಾಗಿ. ಸ್ಟೈಲೋ ಬೀಜಕ್ಕೆ ಬಿಸಿ ನೀರು ಕಾಯಿಸಬೇಕಲ್ಲ.