ಮರಿ ಹಾವಿಗೆ ಮೂರು ಮನೆ, ಜೊತೆಗೊಂದು ಹಾಳು ಸಂದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಲಾಸ್ಟಿಕ್ ಡಬ್ಬಿಗೆ. ಬಟ್ಟೆ ಮಡಚಿಡಲು ತರುತ್ತೇವಲ್ಲ, ಸುತ್ತಲೂ ಕ್ಲಿಪ್ ಇರುವ ದೊಡ್ಡ ಡಬ್ಬಿ, ಅದೇ. ನೋಡಲು ಸಪ್ಪೆ. ಆದರೆ ಅದರಿಂದ ನನ್ನ ಹಾವು ಇವತ್ತಿನವರೆಗೂ ಹೊರಗೆ ಬಂದಿಲ್ಲ. ಅದಕ್ಕಿಂತ ಮೊದಲು ಜಾಲರಿ ಮುಚ್ಚಳದ ಗಾಜಿನ ತೊಟ್ಟಿ ತಂದೆ, ಆಮೇಲೆ ಮುಂದುಗಡೆ ಜಾರುವ ಗಾಜಿನ ಬಾಗಿಲಿರುವ ಕ್ಯಾಬಿನೆಟ್ ತಂದೆ. ಮೊದಲನೆಯದರಲ್ಲಿ ನಿದ್ದೆ ಹೋಯಿತು, ಎರಡನೆಯದರಲ್ಲಿ ಹಾವೇ ಹೋಯಿತು.

ನನ್ನದು ಕಾರ್ನ್ ಸ್ನೇಕ್. ವಿಷವಿಲ್ಲದ, ಸಾಧು ಹಾವು. ಬೆಳೆದರೆ ನಾಲ್ಕೈದು ಅಡಿ ಆಗುತ್ತದೆ, ತಂದಾಗ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಇತ್ತು. ಪೆನ್ಸಿಲ್‌ನಷ್ಟು ದಪ್ಪ. ಮನೆ ಆರಿಸುವಾಗ ನಾನು ನಾಲ್ಕೈದು ಅಡಿಯ ಹಾವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದೆ. ತಪ್ಪಿಸಿಕೊಳ್ಳುವುದು ಮರಿ ಅಲ್ವಾ, ಅದು ಹೊಳೆಯಲಿಲ್ಲ. ಹಾವಿಗೆ ತಲೆ ತೂರಿದರೆ ಸಾಕು, ಉಳಿದದ್ದೆಲ್ಲ ಸೂಜಿಯ ಹಿಂದೆ ದಾರ ಬಂದ ಹಾಗೆ ಬಂದುಬಿಡುತ್ತದೆ.

ಗಾಜಿನ ತೊಟ್ಟಿಯದು ಚಿಕ್ಕ ಕಥೆ. ಅದರ ಜಾಲರಿ ಮುಚ್ಚಳ ಸುಮ್ನೆ ಮೇಲೆ ಕೂತಿರುತ್ತದೆ, ಹಿಡಿದುಕೊಳ್ಳುವುದಿಲ್ಲ. ಕತ್ತಲಾದರೆ ಮರಿ ಮೂಲೆಗೆ ಹೋಗಿ ಮೂತಿಯಿಂದ ಮೇಲಕ್ಕೆ ಒತ್ತುತ್ತಾ ಕೂರುತ್ತಿತ್ತು. ನಾನು ಪುಸ್ತಕ ಹೇರಿದೆ. ನಾಲ್ಕು ಕಡೆ ಕ್ಲಿಪ್ ಹಾಕಿದ ಮೇಲೆ ಆ ಭಯ ಹೋಯಿತು. ಆದರೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ನ ವೈರು ಮುಚ್ಚಳದ ಅಡಿಯಿಂದ ಒಳಗೆ ಹೋಗಬೇಕು, ಆ ವೈರಿನ ದಪ್ಪಕ್ಕೆ ಮುಚ್ಚಳ ಒಂದು ಕಡೆ ಎದ್ದೇ ಇರುತ್ತಿತ್ತು. ಜಾಲರಿಗೆ ಉಜ್ಜಿ ಉಜ್ಜಿ ಮೂತಿಯ ತುದಿ ಕೆಂಪಾಯಿತು. ಒಳಗೆ ತೇವವೂ ಉಳಿಯುತ್ತಿರಲಿಲ್ಲ. ಸಾಕು ಅನಿಸಿತು.

ಕ್ಯಾಬಿನೆಟ್ ಮಾತ್ರ ಬಂದ ದಿನ ಮನೆಯೇ ಬೆಳಗಿದ ಹಾಗಾಯಿತು. ಚಂದ ಅಂದರೆ ಅಷ್ಟು ಚಂದ. ಎರಡು ಗಾಜು ಒಂದರ ಹಿಂದೊಂದು ಜಾರುತ್ತವೆ, ನಡುವೆ ಸಣ್ಣ ಬೀಗ. ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡು ಮಲಗಿದೆ. ಮೂರನೆಯ ಬೆಳಿಗ್ಗೆ ಹಾವಿಲ್ಲ, ಬೀಗ ಹಾಗೇ ಇದೆ.

ಮೊದಲು ನನ್ನ ಮೇಲೇ ಅನುಮಾನ. ಗಾಜು ಪೂರ್ತಿ ಮುಚ್ಚಿದ್ದೆನಾ? ಕೆಳಗಿನ ಹಳಿ ನೋಡಿದರೆ ಅದರಲ್ಲಿ ಮರದ ಚಕ್ಕೆಯ ಚೂರುಗಳು ಸಿಕ್ಕಿಕೊಂಡಿದ್ದವು. ಒಳಗೆ ಹಾಸಿದ್ದ ಚಕ್ಕೆಯೇ ಅದು. ಒಂದು ಚೂರು ಬಿದ್ದರೂ ಗಾಜು ಕೊನೆಯವರೆಗೆ ಹೋಗುವುದಿಲ್ಲ, ದೂರದಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ. ಇದೇ ಕಾರಣ ಅಂತ ತೀರ್ಮಾನಿಸಿ ಹಳೆ ಟೂತ್‌ಬ್ರಷ್ ತಂದು ಹಳಿಯನ್ನೆಲ್ಲ ಉಜ್ಜಿದೆ.

ಹಾವು ಸಿಕ್ಕಿದ್ದು ನಾಲ್ಕನೆಯ ರಾತ್ರಿ. ಹಾವು ಕೋಣೆಯ ನಡುವೆ ಓಡಾಡುವುದಿಲ್ಲ, ಗೋಡೆಗೆ ಅಂಟಿಕೊಂಡೇ ಹೋಗುತ್ತದೆ. ಅದಕ್ಕೆ ಬಾಗಿಲುಗಳ ಹತ್ತಿರ ತೆಳ್ಳಗೆ ಹಿಟ್ಟು ಉದುರಿಸಿ, ಗೋಡೆಯುದ್ದಕ್ಕೂ ಸರಸರ ಅನ್ನುವ ಪ್ಲಾಸ್ಟಿಕ್ ಚೀಲ ಹಾಸಿ, ದೀಪ ಆರಿಸಿ ಕಾದೆ. ಅಷ್ಟೂ ದಿನ ಅಮ್ಮ ಕುರ್ಚಿಯ ಮೇಲೆ ಕಾಲು ಮಡಚಿಟ್ಟುಕೊಂಡೇ ಊಟ ಮಾಡಿದಳು. ಕೊನೆಗೆ ಚೀಲ ಸದ್ದು ಮಾಡಿತು. ಫ್ರಿಜ್ಜಿನ ಹಿಂದಿನ ಬೆಚ್ಚಗಿನ ಜಾಗದಿಂದ ಮಹಾರಾಯ ಹೊರಟಿದ್ದ.

ಮತ್ತೆ ಕ್ಯಾಬಿನೆಟ್ಟಿಗೇ ಬಿಟ್ಟೆ. ಹಳಿ ಸ್ವಚ್ಛ, ಗಾಜು ಪೂರ್ತಿ ಮುಚ್ಚಿದೆ, ಬೀಗ ಬಿದ್ದಿದೆ. ಆದರೂ ಯಾಕೋ ಮನಸ್ಸು ಒಪ್ಪದೆ ಎದುರಿಗೇ ಕೂತೆ. ಒಂದು ಗಂಟೆಯೂ ಆಗಲಿಲ್ಲ. ಗಾಜುಗಳು ಒಂದರ ಮೇಲೊಂದು ಬರುವ ನಡುಭಾಗದಲ್ಲಿ ನಾಲಿಗೆ ಕಾಣಿಸಿತು. ಆಮೇಲೆ ಮೂತಿ. ಮರಿ ತಲೆಯನ್ನು ಅಡ್ಡಕ್ಕೆ ಓರೆ ಮಾಡಿಕೊಂಡು ಎರಡು ಗಾಜುಗಳ ನಡುವೆ ಜಾರಿ ಬರುತ್ತಿತ್ತು! ಎರಡು ಗಾಜು ಎರಡು ಬೇರೆ ಹಳಿಯಲ್ಲಿ ಓಡಬೇಕಾದರೆ ನಡುವೆ ಜಾಗ ಬೇಕೇ ಬೇಕು. ಅಳೆದೆ, 6 ಮಿಲಿಮೀಟರ್. ಬೀಗ ಗಾಜು ಜಾರದಂತೆ ತಡೆಯುತ್ತದೆ, ಆ ಸಂದಿಗೂ ಬೀಗಕ್ಕೂ ಸಂಬಂಧವೇ ಇಲ್ಲ. ಹಿಂಬದಿಯಲ್ಲಿ ವೈರಿಗೆಂದು ಕೊಟ್ಟಿದ್ದ ತೂತುಗಳನ್ನು ಮಾತ್ರ ನಾನು ಮೊದಲ ದಿನವೇ ಮುಚ್ಚಿದ್ದೆ, ಕಣ್ಣಿಗೆ ಕಂಡವಲ್ಲ!

ಸಂದಿಗೆ ಸ್ಪಂಜು ತುರುಕಿದೆ. ಒದ್ದೆಯಾಗಿ ಮೆತ್ತಗಾಯಿತು, ಎರಡೇ ದಿನದಲ್ಲಿ ಮರಿ ಅದನ್ನು ಒತ್ತಿ ಬೀಳಿಸಿತು. ಟೇಪ್ ಅಂಟಿಸು ಅಂದರು ಒಬ್ಬರು. ಅದನ್ನು ಮಾತ್ರ ಮಾಡಬೇಡಿ. ಅಂಟಿಗೆ ಮೈ ಸಿಕ್ಕಿಕೊಂಡರೆ ಹಾವು ಒದ್ದಾಡಿ ಹುರುಪೆ ಕಿತ್ತುಕೊಳ್ಳುತ್ತದೆ. ಎಂದಾದರೂ ಹಾಗೆ ಅಂಟಿಕೊಂಡರೆ ಎಳೆಯದೆ, ಅಡುಗೆ ಎಣ್ಣೆ ಸವರುತ್ತಾ ನಿಧಾನವಾಗಿ ಬಿಡಿಸಬೇಕು. ಕೊನೆಗೆ ಕೆಲಸಕ್ಕೆ ಬಂದದ್ದು ಕಾಗದಗಳನ್ನು ಸೇರಿಸಿ ಹಿಡಿಯಲು ಫೈಲಿನ ಬೆನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ. ಗಾಜಿನ ಅಂಚಿಗೆ ಹಾಕಿದರೆ ಸಂದು ತುಂಬುತ್ತದೆ. ಆದರೆ ಪಟ್ಟಿ ಇದ್ದರೆ ಗಾಜು ಜಾರುವುದಿಲ್ಲ. ನೀರು ಬದಲಾಯಿಸಲು ಪ್ರತಿ ಸಲ ಬೀಗ ತೆಗಿ, ಪಟ್ಟಿ ಕೀಳು, ಹಳಿ ಒರೆಸು, ಮತ್ತೆ ಅದೇ ಉಲ್ಟಾ. ನಾನು ಬೆಳಿಗ್ಗೆ ಅರ್ಧ ನಿದ್ದೆಯಲ್ಲಿ ಈ ಕೆಲಸ ಮಾಡುವವನು. ಒಂದು ದಿನ ಪಟ್ಟಿ ಮರೆಯುತ್ತೇನೆ ಅಂತ ನನಗೇ ಗೊತ್ತಿತ್ತು.

ಡಬ್ಬಿಯಲ್ಲಿ ಜಾರುವ ಭಾಗವೇ ಇಲ್ಲ. ಮುಚ್ಚಳ ಒತ್ತಿದರೆ ಟಕ್ ಅನ್ನುತ್ತದೆ. ನಿದ್ದೆಗಣ್ಣಲ್ಲೂ ನಾಲ್ಕು ಟಕ್ ಎಣಿಸಬಹುದು.

ಆರಿಸುವಾಗ ಒಂದು ಎಚ್ಚರ. ಕೆಲವು ಉದ್ದ ಡಬ್ಬಿಗಳಿಗೆ ಎರಡು ತುದಿಯಲ್ಲಿ ಮಾತ್ರ ಕ್ಲಿಪ್ ಇರುತ್ತದೆ. ನಡುವೆ ಮುಚ್ಚಳವನ್ನು ಬೆರಳಿಂದ ಎತ್ತಿ ನೋಡಿ, ಬಾಗಿ ಏಳುತ್ತದೆ. ಉದ್ದದ ಬದಿಗೂ ಕ್ಲಿಪ್ ಇರಬೇಕು. ಗಾಳಿಯ ತೂತುಗಳನ್ನು ಸೋಲ್ಡರಿಂಗ್ ಐರನ್ ಕಾಯಿಸಿ ಒಳಗಿಂದ ಹೊರಕ್ಕೆ ಚುಚ್ಚಿದೆ, ಕರಗಿದ ಚೂಪು ಅಂಚು ಹೊರಗೆ ಉಳಿದರೆ ಮೂತಿಗೆ ತರಚುವುದಿಲ್ಲ. ಹೊಗೆ ಕೆಟ್ಟದ್ದು, ಕಿಟಕಿ ತೆರೆದಿಡಿ. ತೂತು 3 ಮಿಲಿಮೀಟರ್ ದಾಟಬಾರದು ಅಂತ ನನ್ನ ಲೆಕ್ಕ, ಬೇಕಾದರೆ ಸಂಖ್ಯೆ ಜಾಸ್ತಿ ಮಾಡಿ.

ನನಗೆ ಹೆಚ್ಚು ಇಷ್ಟವಾದದ್ದು ಏನೆಂದರೆ ಇಲ್ಲಿ ಒಳಗೆ ವೈರೇ ಬೇಡ. ಬಿಸಿ ಮಾಡುವ ಮ್ಯಾಟ್ ಡಬ್ಬಿಯ ಕೆಳಗೆ, ಮೂರನೇ ಒಂದು ಭಾಗಕ್ಕೆ. ಥರ್ಮೋಸ್ಟಾಟ್‌ನ ತುದಿ ಮ್ಯಾಟಿಗೂ ಡಬ್ಬಿಗೂ ನಡುವೆ. ಒಳಗಿನ ಬಿಸಿಯನ್ನು ಬೇರೆ ಥರ್ಮಾಮೀಟರ್‌ನಲ್ಲಿ ನೋಡಿ ಸರಿಹೊಂದಿಸಬೇಕು. ಬೆಚ್ಚಗಿನ ತುದಿ 29–31 ಡಿಗ್ರಿ, ಇನ್ನೊಂದು ತುದಿ ತಂಪು. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ, ಹಾವು ಸುಟ್ಟುಕೊಳ್ಳುತ್ತದೆ.

ಕೊರತೆ ಇಲ್ಲವೇ? ಇದೆ. ಹಾವು ಮಂಜಿನಲ್ಲಿ ಕಂಡ ಹಾಗೆ ಕಾಣುತ್ತದೆ, ನೆಂಟರಿಗೆ ತೋರಿಸುವ ಸೊಗಸಿಲ್ಲ. ಕೈ ಮೇಲಿನಿಂದ ಇಳಿಯುವುದರಿಂದ ಮರಿ ಬೆಚ್ಚುತ್ತದೆ, ಅದು ತೊಟ್ಟಿಯಲ್ಲೂ ಇದ್ದ ತೊಂದರೆ. ಮತ್ತೆ ಇದು ಮರಿಯ ಮನೆ. ಹತ್ತುವ ಕೊಂಬೆಗೆ ಎತ್ತರ ಸಾಲದು, ಬೆಳೆದ ಹಾವಿಗೆ ಉದ್ದವೂ ಸಾಲದು. ನೋಡಿ ಸಂತೋಷಪಡಲೆಂದೇ ಹಾವು ಸಾಕುವವರು, ತಾಳ್ಮೆಯಿಂದ ಪಟ್ಟಿ ಹಾಕಿ ತೆಗೆಯಬಲ್ಲವರು ಕ್ಯಾಬಿನೆಟ್ಟನ್ನೇ ತರಲಿ. ನಾನು ಆ ದುಡ್ಡಿನಲ್ಲಿ ಒಂದು ಡಬ್ಬಿ, ಒಳ್ಳೆಯ ಥರ್ಮೋಸ್ಟಾಟ್ ತಂದು ಇನ್ನೂ ಉಳಿಸಿಕೊಳ್ಳುತ್ತಿದ್ದೆ.

ಕ್ಯಾಬಿನೆಟ್ ಮಾರಿಲ್ಲ. ಸದ್ಯ ಅದರಲ್ಲಿ ತೊಟ್ಟಿಯ ಮೇಲೆ ಹೇರಿದ್ದ ಪುಸ್ತಕಗಳಿವೆ. ಹಾವಿನ ತಲೆ ನನ್ನ ಹೆಬ್ಬೆರಳಿನಷ್ಟು ಆದ ದಿನ ಅವನ್ನು ತೆಗೆಯುತ್ತೇನೆ. ಹಾಗಂತ ಅಮ್ಮನಿಗೆ ಇನ್ನೂ ಹೇಳಿಲ್ಲ.